ಕೇಳದೆಯೇ ಇಳಿದ ಸಿ.ಆರ್.ಪಿ.

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರುವವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ನೀವು ಹೆಂಗಸಾದರೆ ಎಲ್ಲರೂ ನಿಮ್ಮನ್ನು ಸಿಸ್ಟರ್ ಅನ್ನುತ್ತಾರೆ, ಗಂಡಸಾದರೆ ಡಾಕ್ಟರ್ ಅನ್ನುತ್ತಾರೆ. ನೀವು ಎರಡೂ ಅಲ್ಲ. ಆದರೆ ತಿದ್ದಲು ಹೋಗಬೇಡಿ. ನಾನು ಮೊದಲ ನಾಲ್ಕು ವರ್ಷ ತಿದ್ದಿ ನೋಡಿದೆ. "ಸರಿ ಸಿಸ್ಟರ್, ಇನ್ ಮೇಲೆ ಹಾಗೆ ಕರೆಯೂದಿಲ್ಲ" ಎಂದರು.

ನನ್ನ ಊರು ಬಿಣಗಾ. ಅಪ್ಪ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ನಾನು ಕಾರವಾರದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ಗಾಜಿನ ಕೊಳವೆ ತೊಳೆಯಲು ಸೇರಿದವಳು. ತೊಳೆಯುತ್ತ ತೊಳೆಯುತ್ತ ಒಳಗೆ ಏನು ನಡೆಯುತ್ತದೆ ಎಂದು ನೋಡಿಕೊಂಡೆ. ಆಮೇಲೆ ಪೆಥಾಲಜಿಯ ಡಾಕ್ಟರ್ ಬಾಯಿ, ಅಂದರೆ ಡಾಕ್ಟರ್ ಅಮ್ಮ, ಅವರ ಹತ್ತಿರ ಒಂದು ಚೌಕಾಸಿಗಿಳಿದೆ: ಬೆಳಿಗ್ಗೆ ನನ್ನನ್ನು ಡಿಪ್ಲೊಮಾ ಓದಲು ಬಿಡಿ, ಮಧ್ಯಾಹ್ನದ ಮೇಲೆ ಇಬ್ಬರ ಕೆಲಸ ಮಾಡುತ್ತೇನೆ. ಅವರು ಒಪ್ಪಿದರು. ಕೋರ್ಸ್ ಮುಗಿಯುವವರೆಗೂ ಮೂವರ ಕೆಲಸ ಮಾಡಿಸಿದರು. ಚೌಕಾಸಿಯಲ್ಲಿ ನಾನು ಸೋತ ಮೊದಲ ಪಾಠ ಅದು. ಬಡ್ತಿಯ ಕಥೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಹೇಳಿದರೆ ನಿಮಗೂ ನಿದ್ದೆ, ನನಗೂ ನಿದ್ದೆ.

ತಪ್ಪುಗಳ ಕಥೆ ಹೇಳುತ್ತೇನೆ. ಕಲಿಯಲು ಅದೇ ಒಳ್ಳೆಯದು, ಅದೂ ಬೇರೆಯವರ ತಪ್ಪಾದರೆ ಇನ್ನೂ ಒಳ್ಳೆಯದು.

ಟೆಕ್ನಿಶಿಯನ್ ಆದ ಮೊದಲ ವರ್ಷ ಒಬ್ಬರು ಮುದುಕರ ರಕ್ತ ತೆಗೆದು, ಅವಸರದಲ್ಲಿ ಸೂಜಿಯ ಮೂಲಕವೇ ಸಿರಿಂಜ್ ಒತ್ತಿ ಕೊಳವೆಗೆ ತುಂಬಿದೆ. ಸೂಜಿಯ ಸಣ್ಣ ತೂತಿನಲ್ಲಿ ರಕ್ತಕಣಗಳು ಒಡೆದವು, ಅವುಗಳೊಳಗಿನ ಪೊಟ್ಯಾಸಿಯಂ ಎಲ್ಲ ಹೊರಗೆ ಬಂತು. ರಿಪೋರ್ಟಿನ ಪ್ರಕಾರ ಮುದುಕರ ಹೃದಯ ನಿಲ್ಲುವ ಹಾಗಿತ್ತು. ಮುದುಕರು ಮಾತ್ರ ಹೊರಗಿನ ಬೆಂಚಿನಲ್ಲಿ ಕೂತು ಬೋಂಡಾ ತಿನ್ನುತ್ತಿದ್ದರು. ಡಾಕ್ಟರ್ ಬಾಯಿ ನನ್ನನ್ನು ಕಿಟಕಿಯ ಹತ್ತಿರ ಕರೆದು ಅವರನ್ನು ತೋರಿಸಿದರು. "ನೋಡು. ರಿಪೋರ್ಟ್ ಸತ್ತದೆ, ಪೇಷೆಂಟ್ ಬೋಂಡಾ ತಿಂತಾ ಇದ್ದಾನೆ. ಯಾರನ್ನ ನಂಬ್ತೀ?" ಈ ಪ್ರಶ್ನೆಯನ್ನು ನಾನು ನನ್ನ ಕೈಕೆಳಗೆ ಕಲಿತ ಎಲ್ಲರಿಗೂ ಕೇಳಿದ್ದೇನೆ. ಅರ್ಧಕ್ಕರ್ಧ ಜನ "ಮಷಿನ್" ಎಂದೇ ಉತ್ತರಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ಸಿ.ಆರ್.ಪಿ. ಎನ್ನುವುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. ಮೈಯಲ್ಲಿ ಎಲ್ಲಿ ಉರಿಯೂತವಾದರೂ ರಕ್ತದಲ್ಲಿ ಅದು ಏರುತ್ತದೆ. ನಾನು ಸೇರಿದ ಕಾಲಕ್ಕೆ ಅದನ್ನು ಕಪ್ಪು ಗಾಜಿನ ಮೇಲೆ ನೋಡುತ್ತಿದ್ದೆವು. ಒಂದು ಹನಿ ಸೀರಮ್, ಒಂದು ಹನಿ ಬಿಳಿಯ ಲೇಟೆಕ್ಸ್, ಎರಡು ನಿಮಿಷ ಗಾಜನ್ನು ತೊಟ್ಟಿಲಂತೆ ಆಡಿಸುವುದು. ಹಾಲು ಒಡೆದ ಹಾಗೆ ಹರಳು ಕಂಡರೆ ಇದೆ, ಇಲ್ಲವಾದರೆ ಇಲ್ಲ. ಎಷ್ಟಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ನಮಗೂ ಹೇಳಲು ಬರುತ್ತಿರಲಿಲ್ಲ, ಹೀಗಾಗಿ ಎಲ್ಲರೂ ಸುಖವಾಗಿದ್ದೆವು. ಆಮೇಲೆ ಯಂತ್ರ ಬಂದು ಸಂಖ್ಯೆ ಕೊಡತೊಡಗಿತು, ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ಆಮೇಲೆ ಕೋವಿಡ್ ಬಂತು. ಅಂಕೋಲಾ ಬಸ್ಸಿನಲ್ಲಿ ಪಕ್ಕ ಕೂತವರೂ "ನಿಮ್ದು ಸಿ.ಆರ್.ಪಿ. ಎಷ್ಟಾಯ್ತು?" ಎಂದು ವಿಚಾರಿಸುವಂತಾಯಿತು. ಮದುವೆಯ ಹೆಣ್ಣಿಗೂ ಕೇಳುತ್ತಾರೇನೋ ಎಂದು ನಾನು ಹೆದರಿದ್ದೆ.

ಕೋವಿಡ್ ಮುಗಿದ ಮೇಲೆ ನಮ್ಮಲ್ಲಿಗೆ ಸರ್ಜನ್ ಡಾ. ಪ್ರಭು ಬರತೊಡಗಿದರು. ವಾರದಲ್ಲಿ ಮೂರು ದಿನ ಹುಬ್ಬಳ್ಳಿ, ಉಳಿದದ್ದು ಕಾರವಾರ. ಮೇದೋಜೀರಕ ಗ್ರಂಥಿಯ ಶಸ್ತ್ರಕ್ರಿಯೆ ಮಾಡುವವರು ನಮ್ಮ ಕಡೆ ಅದುವರೆಗೆ ಇರಲಿಲ್ಲ. ಅವರು ಲ್ಯಾಬಿಗೆ ಬಂದು ನನ್ನೆದುರು ಕುರ್ಚಿ ಎಳೆದು ಕೂತರು. ಸರ್ಜನ್ ಒಬ್ಬ ಲ್ಯಾಬಿನಲ್ಲಿ ಕೂರುವುದು ನಾನು ಕಂಡದ್ದು ಅದೇ ಮೊದಲು. ಸಾಮಾನ್ಯವಾಗಿ ಅವರು ಬಾಗಿಲಲ್ಲಿ ನಿಂತೇ ಬೈದು ಹೋಗುತ್ತಾರೆ.

"ಬಾಯಿ, ಮೇದೋಜೀರಕದ ರಸ ಅಂದ್ರೆ ಮಾಂಸ ಕರಗಿಸೋ ರಸ. ಹೊಲಿಗೆಯ ಸಂದಿಯಲ್ಲಿ ಸೋರಿದ್ರೆ ಹೊಟ್ಟೆ ಒಳಗೇ ಅಡುಗೆ ಶುರುವಾಗ್ತದೆ. ಹೊರಗಿಂದ ಎರಡು ಮೂರು ದಿನ ಎಂತದೂ ಕಾಣೂದಿಲ್ಲ. ನಿಮ್ಮ ಸಿ.ಆರ್.ಪಿ. ಮೊದಲು ಹೇಳ್ತದೆ."

"ಆಪರೇಷನ್ ಆದವ್ರಿಗೆಲ್ಲಾ ಅದು ಏರೇ ಏರ್ತದಲ್ಲ ಡಾಕ್ಟ್ರೇ?"

"ಏರ್ಲಿ. ಮೊದಲ ಎರಡು ಮೂರು ದಿನ ಯಾರಿಗಾದ್ರೂ ಏರ್ತದೆ. ಆಮೇಲೆ ಇಳೀಬೇಕು. ಇಳೀದೇ ಕೂತ್ರೆ, ಇಲ್ಲಾ ಇನ್ನೂ ಏರಿದ್ರೆ, ಒಳಗೆ ಏನೋ ಆಗ್ತಾ ಅದೆ ಅಂತ. ನಂಗೆ ಒಂದು ದಿನದ ಸಂಖ್ಯೆ ಬೇಡ, ದಿನದಿನದ ನಡಿಗೆ ಬೇಕು."

ಈ ಮಾತನ್ನು ಹೊಸಬರು ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಳ್ಳಲಿಲ್ಲ, ತಲೆಯಾಡಿಸಿದೆ. ತಲೆಯಾಡಿಸಿದ್ದು ತಲೆಯೊಳಗೆ ಇಳಿಯುವುದಿಲ್ಲ.

ಅದೇ ಸುಮಾರಿಗೆ ಹುಬ್ಬಳ್ಳಿಯ ಏಜೆಂಟ್ ಇನಾಮದಾರ ಬಂದ. ಅವನಿಗೂ ನನಗೂ ಇಪ್ಪತ್ತು ವರ್ಷದ ಕುಸ್ತಿ. ನಮ್ಮಲ್ಲಿ ಒಂದು ದೊಡ್ಡ ಯಂತ್ರ, ಅದು ಕೆಟ್ಟರೆ ಇರಲಿ ಎಂದು ಮೂಲೆಯಲ್ಲಿ ಒಂದು ಸಣ್ಣ ಹಳೆಯ ಯಂತ್ರ. ಸಣ್ಣದಕ್ಕೂ ಸಿ.ಆರ್.ಪಿ. ಕಿಟ್ ಬೇಕಿತ್ತು. ನಾನು ಮಾತಾಡಿ ಮಾತಾಡಿ ಅವನ ಬೆವರಿಳಿಸಿದೆ. ಕಡೆಗೆ ಅವನು ಚೀಲದ ತಳದಿಂದ ಒಂದು ಪೆಟ್ಟಿಗೆ ತೆಗೆದ.

"ಅಕ್ಕಾರ, ನಿಮ್ಮ ದರಕ್ಕ ಇದ ಬರೂದ್ರಿ. ಆದ್ರ ಇದು ಸಣ್ಣ ಕಿಟ್ ಐತಿ. ನೂರಾ ಐವತ್ತರ ಮ್ಯಾಲ ಇರೂ ರಕ್ತ ಇದ್ರ ಮೊದಲ ತಿಳಿ ಮಾಡಿ ಹಚ್ರಿ."

ತಿಳಿ ಮಾಡುವುದೆಂದರೆ ಸೀರಮ್ಮಿಗೆ ಸಲೈನ್ ಬೆರೆಸಿ ತೆಳುವಾಗಿಸಿ ಯಂತ್ರಕ್ಕೆ ಹಚ್ಚಿ, ಬಂದ ಸಂಖ್ಯೆಯನ್ನು ಆಮೇಲೆ ಗುಣಿಸುವುದು. ನೂರೈವತ್ತಕ್ಕಿಂತ ಮೇಲಿದ್ದರೆ ಯಂತ್ರ ಮೇಲೆಯೇ ತೋರಿಸುತ್ತದಲ್ಲ, ಆಗ ಮಾಡಿದರಾಯಿತು ಎಂದುಕೊಂಡೆ. ಪೆಟ್ಟಿಗೆಯೊಳಗೆ ಸಣ್ಣ ಅಕ್ಷರದ ಕಾಗದವೊಂದಿತ್ತು. ಅದನ್ನು ಕಪಾಟಿನ ಕಾಲಿನ ಕೆಳಗೆ ಮಡಚಿ ಇಟ್ಟೆ. ಕಪಾಟು ಅಲುಗಾಡುವುದು ನಿಂತಿತು. ಆ ದಿನ ಮನೆಗೆ ಹೋಗುವಾಗ ಗೆದ್ದವಳ ನಡಿಗೆ ನನ್ನದು.

ಹಾರವಾಡದ ಜಟ್ಟಪ್ಪ ಆಸ್ಪತ್ರೆಗೆ ಸೇರಿದ್ದು ಇದಾದ ಎರಡು ತಿಂಗಳಿಗೆ. ಜಟ್ಟಪ್ಪ ಬೋಟಿನ ತಾಂಡೇಲ, ಅಂದರೆ ಬೋಟಿನವರೆಲ್ಲ ಅವನ ಮಾತಿನಂತೆ ನಡೆಯಬೇಕು. ಅವನ ಮಾತು ಎಂದರೆ ಬೈಗುಳ. ಮೇದೋಜೀರಕದ ಬಾಲದ ಕಡೆ ಗಂಟು ಇತ್ತು. ಡಾ. ಪ್ರಭು ಆ ತುದಿಯನ್ನು ಕತ್ತರಿಸಿ ತೆಗೆದು, ಒಳಗೆ ಸೋರುವುದೇನಾದರೂ ಇದ್ದರೆ ಹೊರಗೆ ಬರಲಿ ಎಂದು ಹೊಟ್ಟೆಯಿಂದ ಒಂದು ಕೊಳವೆ ಇಟ್ಟಿದ್ದರು. ಅವನ ಹೆಂಡತಿ ಮಾದೇವಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು. ಗಂಡ ಮನೆಗೆ ಹೋಗುವುದು ಸಿ.ಆರ್.ಪಿ. ಇಳಿದ ಮೇಲೆ ಎಂದು ಯಾರೋ ಅವಳಿಗೆ ಹೇಳಿದರು. ಅವಳು ನೇರ ಲ್ಯಾಬಿನ ಕಿಟಕಿಗೆ ಬಂದಳು. ಸಂಖ್ಯೆ ಎಲ್ಲಿ ತಯಾರಾಗುತ್ತದೋ ಅಲ್ಲಿಯೇ ಮಾತಾಡಬೇಕು ಎನ್ನುವುದು ಅವಳ ವ್ಯಾಪಾರದ ನಿಯಮ.

ಆಪರೇಷನ್ ಆದ ಮೊದಲ ದಿನ ತೊಂಬತ್ತಾರು, ಎರಡನೆಯ ದಿನ ನೂರ ಎಂಬತ್ತೆಂಟು. ಮೂರನೆಯ ದಿನ ಇನ್ನೂರ ಹದಿನಾಲ್ಕು ಬಂತು.

"ಎಂತಾ ಬಾಯಿ, ದಿನಾ ಏರ್ಸ್ತಾ ಹೋದ್ರೆ ನಮ್ಮಂತವ್ರು ಬದ್ಕೂದು ಹೇಗೆ?" ಎಂದಳು ಮಾದೇವಿ, ಕಿಟಕಿಗೆ ಮೊಣಕೈ ಊರಿ.

"ನಾ ಏರ್ಸೂದಲ್ಲ ಮಾರಾಯ್ತಿ. ನಿನ್ ಗಂಡನ ರಕ್ತ ಏರ್ಸೂದು."

"ಅವ್ನ ರಕ್ತ ಮದ್ವೆ ಆದಾಗಿಂದ ಏರೇ ಅದೆ. ನೀವು ಸ್ವಲ್ಪ ಇಳ್ಸಿ ಬರ್ಕೊಡ್ರಿ. ನೂರೈವತ್ತು ಬರೀರಿ."

"ನೂರೈವತ್ತಕ್ಕೆ ಬರೂದಿಲ್ಲ."

"ನೂರ ಎಂಬತ್ತು. ನಿನ್ನೆಗಿಂತ ಬರೇ ಎಂಟು ಕಮ್ಮಿ. ನಿಮ್ಗೂ ನಷ್ಟ ಇಲ್ಲ, ನಂಗೂ ಸಮಾಧಾನ."

"ಇನ್ನೂರ ಹದಿನಾಲ್ಕಂದ್ರೆ ಇನ್ನೂರ ಹದಿನಾಲ್ಕೇ. ನಾಳೆ ಬಾ, ನಾಳೆ ಇಳೀತದೆ."

"ಎಲ್ಲಾ ಅಂಗಡಿಯವ್ರೂ ಇದನ್ನೇ ಹೇಳೂದು" ಎಂದು ಹೋದಳು. ಹೇಳಲು ಸಂಕೋಚವಾಗುತ್ತದೆ, ನನಗೆ ಆ ಚೌಕಾಸಿ ಬಹಳ ಹಿಡಿಸಿತು. ನನ್ನ ಸರಿಸಮಾನರು ಈಚೆಗೆ ಸಿಗುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡ ಯಂತ್ರದ ಒಳಗಿನ ದೀಪ ಸುಟ್ಟುಹೋಯಿತು, ಅದಿಲ್ಲದೆ ಯಂತ್ರಕ್ಕೆ ಕಣ್ಣಿಲ್ಲ. ಮೂಲೆಯ ಸಣ್ಣ ಯಂತ್ರದ ಧೂಳು ಒರೆಸಿ, ಇನಾಮದಾರನ ಕಿಟ್ ತೆಗೆದು, ಜಟ್ಟಪ್ಪನ ಸೀರಮ್ ಹಚ್ಚಿದೆ. ಐವತ್ತೆಂಟು ಬಂತು. ನೂರೈವತ್ತರ ಒಳಗೇ ಇದೆ, ತಿಳಿ ಮಾಡುವ ಅಗತ್ಯವೇ ಇಲ್ಲ. ಖುಷಿಯಿಂದ ನಾನೇ ವಾರ್ಡಿಗೆ ಫೋನ್ ಮಾಡಿ ಹೇಳಿದೆ. ಡ್ಯೂಟಿಯ ಯುವ ಡಾಕ್ಟರ್ ಅದಕ್ಕಿಂತ ಖುಷಿಪಟ್ಟು ಹುಬ್ಬಳ್ಳಿಯಲ್ಲಿದ್ದ ಡಾ. ಪ್ರಭು ಅವರಿಗೆ ತಿಳಿಸಿದರು. ಅವರು ಒಂದು ಆಪರೇಷನ್ನಿನ ನಡುವೆ ಇದ್ದರು. ಕೊಳವೆಯಲ್ಲಿ ಏನು ಬರ್ತಾ ಅದೆ ಎಂದು ಕೇಳಿದರಂತೆ. ಏನೂ ಬರುತ್ತಿಲ್ಲ, ಒಣಗಿದೆ ಎಂದು ಇವರು. ಹಾಗಿದ್ದರೆ ಮಧ್ಯಾಹ್ನ ಮೂರಕ್ಕೆ ಕೊಳವೆ ತೆಗೆಯಿರಿ, ಪೇಜ ಕೊಡಿ, ನಾಳೆ ಮನೆಗೆ ಬಿಡೋಣ ಎಂದು ಅವರು. ಪೇಜ ಎಂದರೆ ಗಂಜಿ. ನಮ್ಮ ಕಡೆ ರೋಗಿಗೆ ಪೇಜ ಬಂತೆಂದರೆ ರೋಗ ಹೋಯಿತು ಎಂದೇ ಲೆಕ್ಕ.

ಒಂದು ಗಂಟೆಗೆ ಮಾದೇವಿ ಕಿಟಕಿಗೆ ಬಂದಳು. ನಾನು ಸಂಖ್ಯೆಯನ್ನು ಉಡುಗೊರೆಯಂತೆ ಕೊಟ್ಟೆ. ಅವಳ ಮುಖ ಅರಳಲಿಲ್ಲ.

"ಐವತ್ತೆಂಟಾ?"

"ಐವತ್ತೆಂಟು."

"ನಿನ್ನೆ ನೂರ ಎಂಬತ್ತಕ್ಕೆ ಕೇಳ್ದೆ, ಕೊಟ್ಟಿಲ್ಲ. ಇವತ್ತು ಕೇಳ್ದೇನೇ ಐವತ್ತೆಂಟಕ್ಕೆ ಕೊಡ್ತ್ರಿ."

"ಇಳ್ದದೆ, ಕೊಟ್ಟೆ. ಖುಷಿ ಪಡೂಕೆ ನಿಂಗೆ ಎಂತಾ ಕಷ್ಟ?"

"ಬಾಯಿ, ಬೆಳಿಗ್ಗೆ ಇಸ್ವಾಣಕ್ಕೆ ಒಂದು ದರ ಹೇಳ್ದವ್ಳು ಮಧ್ಯಾಹ್ನಕ್ಕೆ ಕಾಲುಭಾಗಕ್ಕೆ ಇಳ್ಸಿದ್ರೆ, ನಾ ದುಡ್ಡು ತೆಗಿಯೂದಿಲ್ಲ. ಮೊದ್ಲು ಮೀನಿನ ಕಿವಿರು ಎತ್ತಿ ನೋಡ್ತೆ." ಅವಳು ಧ್ವನಿ ಇಳಿಸಿದಳು. "ಅವ್ನು ಬೆಳ್ಗಿಂದ ಒಬ್ರಿಗೂ ಬಯ್ದಿಲ್ಲ. ನರ್ಸಿಗೂ ಇಲ್ಲ, ನಂಗೂ ಇಲ್ಲ. ಪೇಜ ಅಂದ್ರೆ ಮುಖ ತಿರಗ್ಸ್ದ. ಕೈ ಹಿಡದ್ರೆ ನಾಡಿ ಡಬಡಬ ಅಂತದೆ. ನಂಗೆ ಸರಿ ಕಾಣೂದಿಲ್ಲ."

"ರಕ್ತ ಅಂದ್ರೆ ಮೀನಲ್ಲ ಮಾದೇವಿ" ಎಂದು ಗತ್ತಿನಲ್ಲಿ ಹೇಳಿ ಅವಳನ್ನು ಕಳಿಸಿದೆ. ಚಹಾಕ್ಕೆ ಕೂತೆ. ಕಪ್ಪನ್ನು ಹಾಗೆಯೇ ಕೆಳಗಿಟ್ಟೆ. ಜೀವಮಾನವಿಡೀ ಚೌಕಾಸಿ ಮಾಡಿದವಳು ನಾನು. ಎದುರಿನವ ಒತ್ತಾಯವಿಲ್ಲದೆ ಇಳಿದರೆ ಮಾಲಿನಲ್ಲಿ ದೋಷವಿದೆ ಎನ್ನುವುದು ನನಗೆ ಗೊತ್ತಿಲ್ಲವೇ? ಆಗ ಡಾಕ್ಟರ್ ಬಾಯಿ ಎಂದೋ ಹೇಳಿಕೊಟ್ಟ ಲೆಕ್ಕ ನೆನಪಿಗೆ ಬಂತು. ಉರಿಯೂತ ಪೂರ್ತಿ ನಿಂತುಹೋದರೂ ರಕ್ತದಲ್ಲಿರುವ ಸಿ.ಆರ್.ಪಿ. ಅರ್ಧಕ್ಕಿಳಿಯಲು ಹೆಚ್ಚುಕಡಿಮೆ ಒಂದು ಹಗಲು ರಾತ್ರಿ ಬೇಕು. ಇನ್ನೂರ ಹದಿನಾಲ್ಕರ ಅರ್ಧ ನೂರ ಏಳು. ಅದೂ ಎಲ್ಲ ಸರಿಯಾಗಿದ್ದರೆ. ಐವತ್ತೆಂಟು ಎಲ್ಲಿಂದ ಬಂತು?

ಮೂರನೆಯ ತರಗತಿಯ ಗಣಿತ. ನಾನೂ ಮಾಡಲಿಲ್ಲ, ಡ್ಯೂಟಿ ಡಾಕ್ಟರೂ ಮಾಡಲಿಲ್ಲ. ಮಾಡಿದ್ದು ಮೀನು ಮಾರುವವಳು.

ಇನಾಮದಾರ ಹೇಳಿದಂತೆ, ಬೆಳಗಿನ ಅದೇ ಸೀರಮ್ ತೆಗೆದು ಒಂದು ಪಾಲಿಗೆ ಒಂಬತ್ತು ಪಾಲು ಸಲೈನ್ ಬೆರೆಸಿ ಹಚ್ಚಿದೆ. ಗುಣಿಸಿದಾಗ ಮುನ್ನೂರ ನಲವತ್ತಾರು. ಇನ್ನೂ ತೆಳುವಾಗಿಸಿ ಮತ್ತೊಮ್ಮೆ ಹಚ್ಚಿದೆ. ಮುನ್ನೂರ ಐವತ್ತು.

ಇದು ಹೇಗಾಗುತ್ತದೆ ಎಂದು ಹೊಸಬರಿಗೆ ಬಿಡಿಸಿ ಹೇಳುತ್ತೇನೆ. ಕಿಟ್ಟಿನ ದ್ರವದಲ್ಲಿರುವ ಪ್ರತಿಕಾಯಗಳಿಗೆ ಎರಡೆರಡು ಕೈ. ಒಂದು ಸಿ.ಆರ್.ಪಿ.ಯನ್ನು ಇಬ್ಬರು ಎರಡು ಕಡೆಯಿಂದ ಹಿಡಿದರೆ ಸರಪಳಿಯಾಗಿ, ಹರಳುಗಟ್ಟಿ, ದ್ರವ ಮಸುಕಾಗುತ್ತದೆ. ಯಂತ್ರ ಅಳೆಯುವುದು ಆ ಮಸುಕನ್ನು. ಆದರೆ ಸಿ.ಆರ್.ಪಿ. ವಿಪರೀತ ಇದ್ದರೆ ಪ್ರತಿಯೊಬ್ಬರ ಎರಡು ಕೈಗೂ ಬೇರೆ ಬೇರೆ ಸಿಕ್ಕಿಬಿಡುತ್ತದೆ. ಎರಡು ಕೈಯಲ್ಲೂ ಚೀಲ ಹಿಡಿದವನು ಪಕ್ಕದವನ ಚೀಲಕ್ಕೆ ಕೈ ಹಾಕುವುದು ಹೇಗೆ? ಸರಪಳಿಯಾಗುವುದಿಲ್ಲ, ಮಸುಕಾಗುವುದಿಲ್ಲ, ಯಂತ್ರ ಹೆಚ್ಚೇನೂ ಇಲ್ಲವೆಂದು ಭಾವಿಸುತ್ತದೆ. ಅಂದರೆ ತೀರಾ ಹೆಚ್ಚಿದ್ದಾಗಲೇ ಕಡಿಮೆ ಎಂದು ತೋರಿಸುವ ಮೋಸ. ದೊಡ್ಡ ಯಂತ್ರಗಳು ಇದನ್ನು ತಾವೇ ಹಿಡಿದು ಎಚ್ಚರಿಸುತ್ತವೆ. ಸಣ್ಣದಕ್ಕೆ ಆ ಬುದ್ಧಿ ಇಲ್ಲ. ಅದರ ಹತ್ತಿರ ನಿಂತವಳಿಗೆ ಇರಬೇಕಿತ್ತು.

ವಾರ್ಡಿಗೆ ಫೋನ್ ಮಾಡಿದೆ. ಕೊಳವೆ ತೆಗೆಯಲು ಡಾಕ್ಟರ್ ಆಗಲೇ ಕೈ ತೊಳೆಯುತ್ತಿದ್ದಾರೆ ಎಂದಳು ನರ್ಸ್. ಗಂಟೆ ಎರಡೂ ಮುಕ್ಕಾಲು. ಲಿಫ್ಟು ಯಾವಾಗಿನಂತೆ ಮೂರನೆಯ ಮಹಡಿಯಲ್ಲಿ ನಿಂತು ಲೋಕ ನೋಡುತ್ತಿತ್ತು. ಮೊಣಕಾಲು ನೋವಿಗೆ ಮಾತ್ರೆ ನುಂಗುವ ಹೆಂಗಸು ನಾನು ಮೆಟ್ಟಿಲು ಹತ್ತಿ ಓಡಿದೆ. ಡ್ಯೂಟಿ ಡಾಕ್ಟರ್ ಕೊಳವೆಯ ಹೊಲಿಗೆಗೆ ಕತ್ತರಿ ಹಿಡಿದಿದ್ದರು.

"ಡಾಕ್ಟ್ರೇ, ಕೈ ತೆಗೀರಿ."

"ಏನಾಯ್ತು ಸಿಸ್ಟರ್?"

ಆ ಒಂದು ದಿನ ನಾನು ಆ ಪದಕ್ಕೆ ಬೇಸರಿಸಲಿಲ್ಲ. "ಬೆಳಗಿನ ರಿಪೋರ್ಟ್ ತಪ್ಪು. ಮುನ್ನೂರ ನಲವತ್ತಾರು ಅದೆ. ತಪ್ಪು ನಂದು."

ಜಟ್ಟಪ್ಪ ಕಣ್ಣು ಅರೆತೆರೆದು ನನ್ನನ್ನು ನೋಡಿದ. ಬೈಯಲಿಲ್ಲ. ಹಣೆಯಲ್ಲಿ ಬೆವರಿತ್ತು. ಬೋಂಡಾ ತಿನ್ನುವ ರೋಗಿ ಅಲ್ಲ ಇವನು.

ಕೆಳಗೆ ಬಂದರೆ ಆಡಳಿತ ನೋಡಿಕೊಳ್ಳುವ ಕಿಣಿ ಮಾಮ್, ಅಂದರೆ ಕಿಣಿ ಮಾವ, ಲ್ಯಾಬಿನ ಬಾಗಿಲಲ್ಲಿದ್ದರು. ಆಸ್ಪತ್ರೆಯಲ್ಲಿ ಸುದ್ದಿ ಲಿಫ್ಟಿನಲ್ಲಿ ಬರುವುದಿಲ್ಲ, ಅದಕ್ಕೇ ಬೇಗ ಬರುತ್ತದೆ. ಒಳ್ಳೆಯ ಮನುಷ್ಯ, ನನ್ನ ಒಳಿತಿಗೇ ಹೇಳಿದರು. "ಶಾಂತಾ ಬಾಯಿ, ನಿವೃತ್ತಿಗೆ ಆರು ತಿಂಗಳದೆ ನಿಮ್ಗೆ. ಈಗ ಹೊಸದಾಗಿ ರಕ್ತ ತೆಗ್ದು ಮಧ್ಯಾಹ್ನದ ರಿಪೋರ್ಟ್ ಅಂತ ಕೊಡಿ. ಬೆಳಿಗ್ಗೆ ಐವತ್ತೆಂಟು, ಮಧ್ಯಾಹ್ನ ಮುನ್ನೂರು. ಏರ್ತು ಅಂದ್ರೆ ಮುಗೀತು. ಯಾರಿಗೂ ತೊಂದ್ರೆ ಇಲ್ಲ."

ಸುಳ್ಳು ಹೇಳುವುದಿಲ್ಲ, ಎರಡು ನಿಮಿಷ ನಾನು ಆ ದರದ ಬಗ್ಗೆ ಯೋಚಿಸಿದೆ. ಆದರೆ ಸರ್ಜನ್ ಕೇಳಿದ್ದು ದಿನದಿನದ ನಡಿಗೆ. ಬೆಳಿಗ್ಗೆ ಚೆನ್ನಾಗಿದ್ದವನು ಮಧ್ಯಾಹ್ನ ಕೆಟ್ಟ ಎಂದರೆ ಅವರು ಹುಡುಕುವ ಕಾರಣವೇ ಬೇರೆ. ನನ್ನ ಮರ್ಯಾದೆ ಉಳಿಸಲು ಅವನ ಹೊಟ್ಟೆಯ ಕಥೆಯನ್ನು ತಿದ್ದಬೇಕಾಗುತ್ತಿತ್ತು.

"ಬೇಡ ಕಿಣಿ ಮಾಮ್" ಎಂದು ಹುಬ್ಬಳ್ಳಿಗೆ ಡಾ. ಪ್ರಭು ಅವರಿಗೆ ಫೋನ್ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಂದ್ರೆ ಬೆಳಿಗ್ಗೆನೇ ಮುನ್ನೂರ ನಲವತ್ತಾರಿತ್ತು."

"ಹೌದು ಡಾಕ್ಟ್ರೇ. ಬೆಳಿಗ್ಗೆ ಏಳರ ರಕ್ತ."

"ಹಾಗಿದ್ರೆ ಕೊಳವೆ ಒಣಗಿದ್ದಲ್ಲ, ಕಟ್ಟಿಕೊಂಡದ್ದು. ಈಗಲೇ ಸ್ಕ್ಯಾನ್ ಮಾಡ್ಸಿ. ನಾ ಹೊರಟೆ."

ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂಭಾಗದಲ್ಲಿ ರಸ ನಿಂತಿತ್ತು. ಕೊಳವೆಯ ಬಾಯಿಗೆ ರಕ್ತದ ಗಡ್ಡೆ ಅಡ್ಡ ಕೂತಿತ್ತು. ಸಂಜೆಯೊಳಗೆ ಇನ್ನೊಂದು ಕೊಳವೆ ಹಾಕಿದರು. ಅದರಲ್ಲಿ ಬಂದ ಕಂದು ನೀರನ್ನು ಪರೀಕ್ಷಿಸಿದವಳು ನಾನೇ. ಮೇದೋಜೀರಕದ ರಸವೇ. ಈ ಸಲ ಯಾರೂ ಹೇಳದೆ ತಿಳಿ ಮಾಡಿ ಹಚ್ಚಿದೆ.

ಮಾದೇವಿಗೆ ಹೇಳುವುದು ಬಾಕಿ ಇತ್ತು. ಅವಳು ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ನೀ ಹೇಳಿದ್ದೇ ಸರಿ. ಐವತ್ತೆಂಟಲ್ಲ. ನಾ ಸರಿ ನೋಡಿಲ್ಲ."

"ಎಷ್ಟು?"

"ಮುನ್ನೂರ ನಲವತ್ತಾರು."

ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವಳು ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮುನ್ನೂರಕ್ಕೆ ಕೊಡಿ ಎಂದೂ ಕೇಳಲಿಲ್ಲ. ಆ ದಿನ ಅವಳು ಚೌಕಾಸಿ ಮಾಡದೆ ಇದ್ದದ್ದನ್ನು ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮುಂದಿನದು ನಿಧಾನದ ಕೆಲಸ. ಮುನ್ನೂರ ಹತ್ತು, ಇನ್ನೂರ ತೊಂಬತ್ತು, ಮತ್ತೆ ಮುನ್ನೂರ ಐದು, ಆಮೇಲೆ ಇನ್ನೂರ ಮೂವತ್ತು. ದೊಡ್ಡ ಯಂತ್ರಕ್ಕೆ ಹೊಸ ದೀಪ ಬಂದರೂ ಜಟ್ಟಪ್ಪನ ರಕ್ತವನ್ನು ನಾನು ಎರಡು ಸಲ ಹಚ್ಚುತ್ತಿದ್ದೆ, ಹಾಗೆಯೇ ಒಮ್ಮೆ, ತಿಳಿ ಮಾಡಿ ಒಮ್ಮೆ. ಡಾ. ಪ್ರಭು ನನ್ನನ್ನು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ರೌಂಡ್ಸಿನಲ್ಲಿ ಎಲ್ಲರೆದುರು, "ಇನ್ನು ಮೇಲೆ ಸಿ.ಆರ್.ಪಿ. ಜೊತೆ ಪೇಷಂಟಿನ ಹೆಂಡತಿಯ ಅಭಿಪ್ರಾಯಕ್ಕೂ ರಿಪೋರ್ಟಿನಲ್ಲಿ ಒಂದು ಸಾಲು ಇಡಿ" ಎಂದರು. ಡ್ಯೂಟಿ ಡಾಕ್ಟರ್ ನಕ್ಕರು. "ನೀವು ನಗಬೇಡಿ, ನಾಡಿ ಹಿಡಿದು ನೋಡಬೇಕಾದವರು ನೀವು" ಎಂದಾಗ ಅವರ ನಗು ನಿಂತಿತು. ಇನಾಮದಾರನಿಗೆ ಫೋನ್ ಮಾಡಿ, ನಿನ್ನ ಕಿಟ್ ಇಂಥದ್ದೇ ಎಂದು ಜಗಳಕ್ಕೆ ಶುರುಮಾಡಿದೆ. "ಅಕ್ಕಾರ, ಒಳಗಿನ ಕಾಗದ ಓದೀರೇನ್ರಿ?" ಎಂದ. ಫೋನ್ ಇಟ್ಟೆ.

ಹೊಸಬರಿಗೆ ನನ್ನ ಸಲಹೆ ಇಷ್ಟೇ. ದರದಲ್ಲಿ ಚೌಕಾಸಿ ಮಾಡಿ, ಬಿಡಬೇಡಿ. ಕಾಗದ ಓದುವುದರಲ್ಲಿ ಮಾಡಬೇಡಿ. ಇವತ್ತಿನ ಸಂಖ್ಯೆಯನ್ನು ನಿನ್ನೆಯದರ ಪಕ್ಕ ಇಟ್ಟು ನೋಡದೆ ಸಹಿ ಹಾಕಬೇಡಿ. ಕೆಟ್ಟ ಸಂಖ್ಯೆಯನ್ನು ಎಲ್ಲರೂ ಎರಡು ಸಲ ನೋಡುತ್ತಾರೆ. ಒಳ್ಳೆಯ ಸಂಖ್ಯೆಯನ್ನು ಎರಡು ಸಲ ನೋಡುವವರಿಗೆ ಈ ಕೆಲಸ ಬರುತ್ತದೆ. ಕಿಟಕಿಗೆ ಬಂದವರು ಏನಾದರೂ ಹೇಳಿದರೆ, ಚಹಾ ಆರಿದರೂ ಪರವಾಗಿಲ್ಲ, ಕೇಳಿ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಸಿ.ಆರ್.ಪಿ. ಒಂಬತ್ತು ಬಂತು. ಕೊಳವೆ ಹಿಂದಿನ ವಾರವೇ ಹೊರಗೆ ಬಂದಿತ್ತು. ಡಿಸ್ಚಾರ್ಜ್ ಕಾಗದ ತಯಾರಾಗಿತ್ತು. ಜಟ್ಟಪ್ಪ ಗಾಲಿಕುರ್ಚಿಯಲ್ಲಿ ಬಾಗಿಲ ಹತ್ತಿರ ಕೂತಿದ್ದ. ಮಾದೇವಿ ಗಂಟುಮೂಟೆ ಸಮೇತ ಕಿಟಕಿಗೆ ಬಂದು, ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ನಿಜದ ಒಂಬತ್ತಾ ಬಾಯಿ?"

"ಎರಡು ಸಲ ನೋಡಿದ್ದೆ ಮಾರಾಯ್ತಿ."

"ನಾ ನೋಡಿಲ್ಲಲ್ಲ."

ಮೂವತ್ತನಾಲ್ಕು ವರ್ಷದಲ್ಲಿ ಹೊರಗಿನವರನ್ನು ಯಾರನ್ನೂ ಒಳಗೆ ಬಿಟ್ಟವಳಲ್ಲ ನಾನು. ಬಾಗಿಲು ತೆಗೆದೆ. ಅವಳು ಚಪ್ಪಲಿ ಹೊರಗೆ ಬಿಟ್ಟು ಬಂದು ನನ್ನ ಹೆಗಲ ಹಿಂದೆ ನಿಂತಳು. ಬೆಳಗಿನ ಸೀರಮ್ಮನ್ನು ಹಾಗೆಯೇ ಒಮ್ಮೆ ಹಚ್ಚಿದೆ. ಒಂಬತ್ತು. ತಿಳಿ ಮಾಡಿ ಹಚ್ಚಿ, ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಗುಣಿಸಿದೆ. ಒಂಬತ್ತು.

ಮಾದೇವಿ ಇನ್ನೂ ಸ್ವಲ್ಪ ಹೊತ್ತು ಯಂತ್ರವನ್ನೇ ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿ, ಗೇಟಿನ ಹತ್ತಿರ ಹೋಗಿ, ಹಾರವಾಡಕ್ಕೆ ಆಟೋ ಕೂಗಿ ಕರೆದಳು.